ಎರಡು ಟ್ರಿಗರ್ ಒಟ್ಟಿಗೆ ಬಿದ್ರೆ ಯಾವ್ದು ಮೊದ್ಲು? ಯುಗಿಯೋ, ಮ್ಯಾಜಿಕ್, ಹಾರ್ತ್‌ಸ್ಟೋನ್

ಈ ಮೂರು ಕಾರ್ಡ್ ಗೇಮೂ ಆಡಿ ನೋಡಿದೀನಿ, ಯುಗಿಯೋ ಫೋನಲ್ಲಿ ಮಾಸ್ಟರ್ ಡ್ಯುಯಲ್, ಮ್ಯಾಜಿಕ್ ಫ್ರೆಂಡ್ಸ್ ಜೊತೆ ಪೇಪರ್ ಕಾರ್ಡಲ್ಲಿ, ಹಾರ್ತ್‌ಸ್ಟೋನ್ ಸುಮ್ನೆ ಟೈಮ್‌ಪಾಸಿಗೆ. ಟ್ರಿಗರ್ ಅಂದ್ರೆ ಏನೋ ಒಂದು ಆದ ತಕ್ಷಣ ಶುರು ಆಗೋ ಕಾರ್ಡ್ ಎಫೆಕ್ಟ್. ಅವುಗಳ ಆರ್ಡರ್ ವಿಷ್ಯಕ್ಕೆ ಬಂದ್ರೆ ತಲೆ ಜಾಸ್ತಿ ಓಡ್ಸೋದು ಯುಗಿಯೋದಲ್ಲೇ.

ಯುಗಿಯೋ, ಮ್ಯಾಜಿಕ್ ಎರಡರಲ್ಲೂ ಬೇಸಿಕ್ ಒಂದೇ, ಹಾಸ್ಟೆಲ್ ಮೆಸ್ಸಲ್ಲಿ ತಟ್ಟೆ ಜೋಡ್ಸಿದಂಗೆ, ಕೊನೇಲಿ ಇಟ್ಟಿದ್ದು ಮೊದ್ಲು ಕೈಗೆ ಬರುತ್ತೆ. ಆದ್ರೆ ಯುಗಿಯೋದಲ್ಲಿ ಚೈನ್ (ಒಂದರ ಮೇಲೊಂದು ಜೋಡ್ಸಿದ ಎಫೆಕ್ಟ್‌ಗಳು, ಒಂದೊಂದೂ ಒಂದು ಲಿಂಕ್) ರಿಸಾಲ್ವ್ ಆಗೋಕೆ, ಅಂದ್ರೆ ಎಫೆಕ್ಟ್‌ಗಳು ನಡಿಯೋಕೆ, ಶುರು ಆಯ್ತು ಅಂದ್ರೆ ಮಧ್ಯೆ ಯಾರೂ ಬಾಯಿ ಹಾಕಂಗಿಲ್ಲ, ಮತ್ತೆ ಆ್ಯಶ್ ಬ್ಲಾಸಮ್ (ಡೆಕ್ ಮುಟ್ಟೋ ಎಫೆಕ್ಟನ್ನ ಕೈಯಿಂದಲೇ ತಡೆಯೋ ಕಾರ್ಡು) ತರದ್ದು ತನ್ನ ಮುಂಚಿನ ಲಿಂಕಿಗೆ ಮಾತ್ರ ರೆಸ್ಪಾಂಡ್ ಮಾಡುತ್ತೆ, ಅದರ ಕೆಳಗಿರೋದನ್ನ ಮುಟ್ಟಲ್ಲ. ಚೈನ್ ಬ್ಲಾಕ್, ಅಂದ್ರೆ ಬೇಕಾದ ಎಫೆಕ್ಟನ್ನ ಇನ್ನೊಂದರ ಕೆಳಗೆ ಬಚ್ಚಿಡೋ ಆಟ, ಪೂರ್ತಿ ನಿಂತಿರೋದು ಇದ್ರ ಮೇಲೆ.

ಸ್ನೇಕ್-ಐ ಡೆಕ್ ತಗೊಳ್ಳಿ. ಫ್ಲಾಂಬರ್ಜ್ ಡ್ರ್ಯಾಗನ್ ಗ್ರೇವ್‌ಯಾರ್ಡಿಗೆ (ಬಳಸಿ ಮುಗಿದ ಕಾರ್ಡ್‌ಗಳ ರಾಶಿಗೆ) ಹೋದ್ರೆ ಅಲ್ಲಿಂದ ಲೆವೆಲ್ 1 ಫೈರ್ ಮಾನ್‌ಸ್ಟರ್ ಎರಡನ್ನ ಒಟ್ಟಿಗೆ ಎಬ್ಬಿಸುತ್ತೆ, ಸ್ನೇಕ್-ಐ ಆ್ಯಶ್ ಮತ್ತೆ ಓಕ್ ಅಂತ ಇಟ್ಕೊಳ್ಳಿ. ಸ್ನೇಕ್-ಐ ಆ್ಯಶ್ (ಆ್ಯಶ್ ಬ್ಲಾಸಮ್ ಬೇರೆ) ಡೆಕ್ಕಿಂದ ಸರ್ಚ್ ಮಾಡ್ತಾನೆ, ಅಂದ್ರೆ ಕಾರ್ಡ್ ಹುಡುಕಿ ಕೈಗೆ ತರ್ತಾನೆ, ಓಕ್ ಗ್ರೇವಲ್ಲಿರೋ ಇನ್ನೊಬ್ಬನ್ನ, ಪಾಪ್ಲರ್ ಇದ್ರೆ ಪಾಪ್ಲರ್‌ನ ವಾಪಸ್ ತರ್ತಾನೆ. ಸರ್ಚ್‌ನ ಲಿಂಕ್ 1ಕ್ಕೆ ಹಾಕಿ ಓಕ್‌ನ ಲಿಂಕ್ 2ಕ್ಕೆ ಹಾಕಿದ್ರೆ ಎದುರಿನವ್ನ ಕೈಲಿ ಆ್ಯಶ್ ಬ್ಲಾಸಮ್ ಇದ್ರೂ ಹೊಡಿಯೋಕಾಗಲ್ಲ, ಯಾಕಂದ್ರೆ ಓಕ್ ಡೆಕ್ ಮುಟ್ಟಲ್ವಲ್ಲ. ಇನ್ನೊಂದು ಲಾಭ ಇದೆ, ಇದನ್ನ ಸುಮಾರು ಜನ ಗಮನಿಸಲ್ಲ: ಓಕ್ ಟಾರ್ಗೆಟ್ ಮೊದ್ಲೇ ಹೇಳ್ಬೇಕು, ಆದ್ರೆ ಸರ್ಚಲ್ಲಿ ಏನು ತಗೋಬೇಕು ಅನ್ನೋದು ರಿಸಾಲ್ವ್ ಆಗುವಾಗ ಡಿಸೈಡ್ ಮಾಡೋದು, ಅದು ಕೊನೇಲಿ ಆದ್ರೆ ಬೋರ್ಡ್ ನೋಡ್ಕೊಂಡು ಆರಿಸ್ಬೋದು.

ಉಲ್ಟಾ ಹಾಕೋದೂ ತಪ್ಪಲ್ಲ. ಎದುರಾಳಿ ಹತ್ರ ಗೋಸ್ಟ್ ಬೆಲ್ (ಗ್ರೇವ್‌ಯಾರ್ಡಿಂದ ತರೋದನ್ನ ತಡೆಯೋ ಕಾರ್ಡು) ಇರ್ಬೋದು ಅನ್ಸಿದ್ರೆ ಓಕ್ ಕೆಳಗೆ, ಸರ್ಚ್ ಮೇಲೆ, ಆಗ ಬೆಲ್‌ಗೆ ಓಕ್ ಸಿಗಲ್ಲ, ಆದ್ರೆ ಆ್ಯಶ್ ಬ್ಲಾಸಮ್‌ಗೆ ಬಾಗಿಲು ತೆಗ್ದಂಗೆ. ನಾನಂತೂ ಹೆಚ್ಚು ಸಲ ಮೊದಲ್ನೇ ಆರ್ಡರೇ ಹಾಕೋದು, ಆ್ಯಶ್ ಬ್ಲಾಸಮ್ ಕಂಡಷ್ಟು ಬೆಲ್ ಕಾಣಲ್ಲ. ಇನ್ಫಿನಿಟ್ ಇಂಪರ್ಮನೆನ್ಸ್ ಬಂತು ಅಂದ್ರೆ ಎರಡೂ ಆರ್ಡರ್ ವೇಸ್ಟು, ಅದು ಫೀಲ್ಡ್ ಮೇಲಿರೋ ಮಾನ್‌ಸ್ಟರನ್ನೇ ಟಾರ್ಗೆಟ್ ಮಾಡಿ ಅದ್ರ ಎಫೆಕ್ಟ್ ನಿಲ್ಸೋದು, ಲಿಂಕ್ ನಂಬರ್ ಕೇಳಲ್ಲ. ಅಂದಹಾಗೆ ಕಡ್ಡಾಯದ ಎಫೆಕ್ಟ್ ಇದ್ರೆ ಅವು ಮೊದ್ಲು (ಟರ್ನ್ ಇರೋನ್ದು, ಆಮೇಲೆ ಎದುರಿನವ್ನದು), ಐಚ್ಛಿಕ ಟ್ರಿಗರ್‌ಗಳು ಅದೇ ವರಸೆಲಿ ಆಮೇಲೆ. ಹಾಗಾಗಿ ಎದುರಿನವ್ನು ತನ್ನ ಟ್ರಿಗರ್ ಮೇಲೆ ಹಾಕಿ ತನ್ನ ಆ್ಯಶ್ ಬ್ಲಾಸಮ್‌ಗೆ ತಾನೇ ಅಡ್ಡ ನಿಂತ್ಕೊಳ್ಳೋದೂ ಉಂಟು, ನೋಡೋಕೆ ಮಜಾ.

ಮ್ಯಾಜಿಕ್‌ಗೆ ಬಂದ್ರೆ ಈ ಬಚ್ಚಿಡೋ ಆಟವೇ ಇಲ್ಲ. ಸ್ಟ್ಯಾಕಲ್ಲಿ (ಮ್ಯಾಜಿಕ್‌ನ ತಟ್ಟೆ ಜೋಡಣೆ) ಎಲ್ಲೇ ಇರ್ಲಿ, ಟ್ರಿಗರ್ ರದ್ದು ಮಾಡೋ ಸ್ಟೈಫಲ್ ತರದ ಕಾರ್ಡು ಹುಡುಕಿ ಹೊಡಿಯುತ್ತೆ, ಒಂದೊಂದು ರಿಸಾಲ್ವ್ ಆದ್ಮೇಲೂ ಇಬ್ರಿಗೂ ಚಾನ್ಸ್ ಸಿಗುತ್ತೆ. ಇಲ್ಲಿ ಆರ್ಡರ್ ಅಂದ್ರೆ ಮಾಹಿತಿ. ಅಪ್‌ಕೀಪಲ್ಲಿ (ಟರ್ನ್ ಶುರುವಲ್ಲಿ) ಡಾರ್ಕ್ ಕಾನ್ಫಿಡೆಂಟ್ ಡೆಕ್ಕಿನ ಮೇಲಿನ ಕಾರ್ಡ್ ಕೈಗೆ ಕೊಟ್ಟು ಅದ್ರ ಮನಾ ಬೆಲೆ ಎಷ್ಟೋ ಅಷ್ಟು ಲೈಫ್ ಕಿತ್ಕೊಳ್ಳುತ್ತೆ, ಥಾಸಾ ಸ್ಕ್ರೈ 1 ಕೊಡುತ್ತೆ, ಅಂದ್ರೆ ಮೇಲಿನ ಒಂದು ಕಾರ್ಡ್ ನೋಡಿ ಅಲ್ಲೇ ಬಿಡ್ಬೋದು ಇಲ್ಲ ತಳಕ್ಕೆ ಹಾಕ್ಬೋದು. ಕಾನ್ಫಿಡೆಂಟ್ ಕೆಳಗೆ, ಥಾಸಾ ಮೇಲೆ, ಇದಕ್ಕೆ ಯೋಚ್ನೆನೇ ಬೇಡ, ದುಬಾರಿ ಕಾರ್ಡ್ ಕಂಡ್ರೆ ತಳಕ್ಕೆ ತಳ್ಳಿ. ಜೊತೆಗೆ ಫಿರೆಕ್ಸಿಯನ್ ಅರೀನಾ (ಅದೇ ಹೊತ್ತಲ್ಲಿ ಒಂದು ಕಾರ್ಡ್ ಎಳ್ಸಿ 1 ಲೈಫ್ ತಗೊಳ್ಳುತ್ತೆ) ಇದ್ರೆ ಮಾತ್ರ ಕಷ್ಟ: ದುಬಾರಿ ಕಾರ್ಡನ್ನ 1 ಲೈಫಿಗೆ ಅರೀನಾ ಕೈಲಿ ಎಳ್ಸಿ ಕಾನ್ಫಿಡೆಂಟನ್ನ ಕಣ್ಮುಚ್ಚಿ ಬಿಡೋದಾ, ಇಲ್ಲ ಕಾನ್ಫಿಡೆಂಟಿಗೆ ಲ್ಯಾಂಡ್ (ಮನಾ ಬೆಲೆ 0) ತಿನ್ಸೋದಾ ಅಂತ ಸ್ಕ್ರೈ ನೋಡೋಕೆ ಮುಂಚೆನೇ ಡಿಸೈಡ್ ಮಾಡಿರ್ಬೇಕು. ಲೈಫ್ ಕಮ್ಮಿ ಇದ್ದಾಗ ನಾನು ಎರಡನೇದೇ ಆರಿಸೋದು.

ಹಾರ್ತ್‌ಸ್ಟೋನಲ್ಲಿ ಕೇಳೋದೇ ಇಲ್ಲ, ಮೊದ್ಲು ಆಡಿದ್ದು ಮೊದ್ಲು ಟ್ರಿಗರ್. ಡೆತ್‌ರ‍್ಯಾಟಲ್ (ಮಿನಿಯನ್ ಸತ್ತಾಗ ನಡಿಯೋ ಎಫೆಕ್ಟ್) ಆರ್ಡರ್ ಬೇಕಿದ್ರೆ ಮಿನಿಯನ್ ಇಳಿಸುವಾಗ್ಲೇ ಪ್ಲ್ಯಾನ್ ಮಾಡ್ಕೊಂಡಿರ್ಬೇಕು, ಅಷ್ಟೇ. ರ‍್ಯಾಂಕ್ ಹತ್ತೋಕೆ ಅಂತ ಸೀರಿಯಸ್ಸಾಗಿ ಕೂತ್ರೆ ನಾನು ತೆಗಿಯೋದು ಮಾಸ್ಟರ್ ಡ್ಯುಯಲ್‌ನೇ, ಅದ್ರಲ್ಲೂ ಮೊದ್ಲು ಟ್ಯಾಪ್ ಮಾಡಿದ್ದೇ ಲಿಂಕ್ 1 ಅನ್ನೋದು ನೆನಪಿಟ್ಕೊಂಡು, ಟೈಮರ್ ನೋಡಿ ಬೆರಳು ಅವಸರ ಮಾಡ್ದಂಗೆ.