‘ಮ್ಯಾಕ್ರೋ’ ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಲೆನ್ಸ್ ಕೊಳ್ಳಬೇಡಿ

ಲೆನ್ಸಿನ ಮೈಮೇಲೆ ‘ಮ್ಯಾಕ್ರೋ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಅದು ಮ್ಯಾಕ್ರೋ ಲೆನ್ಸ್ ಆಗುವುದಿಲ್ಲ. ನಿಜವಾದ ಮ್ಯಾಕ್ರೋ ಲೆನ್ಸ್ ಎಂದರೆ ಹುಳದಂಥ ಸಣ್ಣ ವಸ್ತುವನ್ನು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಅದರ ನಿಜ ಗಾತ್ರದಲ್ಲೇ, ಅಂದರೆ 1:1ರಲ್ಲಿ, ಮೂಡಿಸುವಂಥದ್ದು; 1:2 ಎಂದರೆ ಅರ್ಧ ಗಾತ್ರ. ‘ಮ್ಯಾಕ್ರೋ’ ಎಂಬ ಪದವನ್ನು ನಂಬಿ ನಮ್ಮ ಪರಿಚಯದ ಕಾಲೇಜು ಹುಡುಗನೊಬ್ಬ ಒಂದಾದ ಮೇಲೊಂದು ಮೂರು ಸಾಮಾನು ಕೊಂಡ. ಮೂರೂ ಈಗ ಕಪಾಟು ಸೇರಿವೆ. ಅವನ ಹತ್ತಿರ ಇರುವುದು ಕ್ಯಾನನ್ 1500ಡಿ, ಅದರ ಜೊತೆಗೇ ಬರುವ 18-55 ಮತ್ತು 55-250 ಮಿ.ಮೀ. ಜೂಮ್ ಲೆನ್ಸ್‌ಗಳು. ಹೊಸದಾಗಿ ಫೋಟೊ ತೆಗೆಯಲು ಶುರು ಮಾಡಿದ ಎಷ್ಟೋ ಮಂದಿಯ ಬಳಿ ಇರುವುದು ಇದೇ ಜೋಡಿ. ಹಾಗಾಗಿ ಅವನ ದುಡ್ಡು ಎಲ್ಲೆಲ್ಲಿ ಪೋಲಾಯಿತು, ಏಕೆ ಪೋಲಾಯಿತು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಕೊಂಡದ್ದು ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಕ್ಲೋಸ್‌ಅಪ್ ಫಿಲ್ಟರ್ ಸೆಟ್. +1, +2, +4, +10 ಎಂಬ ನಾಲ್ಕು ಗಾಜುಗಳು, 58 ಮಿ.ಮೀ. ಥ್ರೆಡ್, ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಇದರ ಲೆಕ್ಕ ಸುಲಭ. 1000ವನ್ನು ಫಿಲ್ಟರಿನ ಸಂಖ್ಯೆಯಿಂದ ಭಾಗಿಸಿದರೆ ಅದರ ಫೋಕಲ್ ಲೆಂಗ್ತ್ (ಲೆನ್ಸಿನ ಮೇಲೆ 18-55, 250 ಎಂದೆಲ್ಲ ಬರೆದಿರುವ ಅಳತೆ) ಮಿ.ಮೀ.ನಲ್ಲಿ ಸಿಗುತ್ತದೆ; +4ಕ್ಕೆ 250. ಮುಖ್ಯ ಲೆನ್ಸನ್ನು ಇನ್ಫಿನಿಟಿಗೆ (ಅತಿ ದೂರದ ಫೋಕಸ್ಸಿಗೆ) ಇಟ್ಟು, ಅದರ ಫೋಕಲ್ ಲೆಂಗ್ತನ್ನು ಇದರಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂದು ತಿಳಿಯುತ್ತದೆ. ಅಂದರೆ 55-250ನ್ನು 250ಕ್ಕೆ ಎಳೆದು +4 ಹಾಕಿದರೆ ಕಾಗದದ ಮೇಲೆ ಸರಿಯಾಗಿ 1:1. ಲೆಕ್ಕದಲ್ಲಿ ಮೋಸವಿಲ್ಲ, ಗಾಜಿನಲ್ಲಿದೆ. ಈ ಸೆಟ್ಟಿನ ಪ್ರತಿ ಫಿಲ್ಟರೂ ಒಂಟಿ ಗಾಜು. ಒಂಟಿ ಗಾಜು ಕೆಂಪು, ಹಸಿರು, ನೀಲಿ ಬೆಳಕನ್ನು ಒಂದೇ ಕಡೆ ಕೂಡಿಸಲಾರದು. ಮುಖ್ಯ ಲೆನ್ಸಿನ ಫೋಕಲ್ ಲೆಂಗ್ತ್ ಹೆಚ್ಚಾದಷ್ಟೂ ಈ ದೋಷವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಬಿಳಿ ದಾಸವಾಳದ ಎಸಳಿನ ಅಂಚಿಗೆ ನೇರಳೆ ಗೆರೆ, ಜೇಡದ ಕಣ್ಣಿನ ಹೊಳಪಿನ ಸುತ್ತ ನೇರಳೆ ಮಬ್ಬು, ಫ್ರೇಮಿನ ಅಂಚಿಗೆ ಹೋದಂತೆ ಎಲ್ಲವೂ ಕದಡಿದ ಹಾಗೆ. ಸಾಫ್ಟ್‌ವೇರಿನಲ್ಲಿ ಬಣ್ಣವನ್ನು ಅಳಿಸಬಹುದು, ಕಳೆದುಹೋದ ವಿವರ ಮಾತ್ರ ಮರಳಿ ಬರುವುದಿಲ್ಲ. +4ರ ಮೇಲೆ +10 ಜೋಡಿಸಿದರೆ ಇನ್ನೂ ಹದಗೆಡುತ್ತದೆ.

ಎರಡನೆಯದು ಕಾಂಟ್ಯಾಕ್ಟ್ (ಬಾಡಿಯಿಂದ ಲೆನ್ಸಿಗೆ ಕರೆಂಟು ಸಾಗಿಸುವ ಪಿನ್) ಇಲ್ಲದ ಬರಿಯ ಲೋಹದ ಎಕ್ಸ್‌ಟೆನ್ಶನ್ ಟ್ಯೂಬ್, ಅಂದರೆ ಬಾಡಿಗೂ ಲೆನ್ಸಿಗೂ ನಡುವೆ ಕೂರಿಸುವ ಟೊಳ್ಳು ಕೊಳವೆ. ಟ್ಯೂಬ್ ಎಂಬ ಉಪಾಯವೇನೂ ಕೆಟ್ಟದ್ದಲ್ಲ. ಒಳಗೆ ಗಾಜೇ ಇಲ್ಲದ ಕಾರಣ ಚಿತ್ರ ಕೆಡಿಸಲು ಅಲ್ಲಿ ಏನೂ ಇಲ್ಲ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ಹೆಚ್ಚು ದೊಡ್ಡದಾಗುತ್ತದೆ ಎಂದು ಸಿಗುತ್ತದೆ. 50 ಮಿ.ಮೀ. ಲೆನ್ಸಿಗೆ 36 ಮಿ.ಮೀ. ಟ್ಯೂಬ್ ಹಾಕಿದರೆ 0.72 ಪಟ್ಟು, ಅದರ ಮೇಲೆ ಲೆನ್ಸಿನ ಸ್ವಂತದ್ದು ಒಂದಿಷ್ಟು. ತೊಂದರೆ ಇರುವುದು ಕಾಂಟ್ಯಾಕ್ಟಿನಲ್ಲಿ. ಕ್ಯಾನನ್ ಇಎಫ್ ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಕರೆಂಟಿನಿಂದ ನಡೆಯುತ್ತದೆ. ಸಂಪರ್ಕ ತಪ್ಪಿದರೆ ಅದು ಪೂರ್ತಿ ತೆರೆದೇ ನಿಲ್ಲುತ್ತದೆ. 18-55ನ್ನು 55ಕ್ಕೆ ಇಟ್ಟು ಸುಮಾರು 0.9 ಪಟ್ಟು ಹಿಡಿದರೆ, ಎಫ್/5.6ರಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿ.ಮೀ. ಆಸುಪಾಸು. ಇರುವೆಯ ಒಂದು ಮೀಸೆ ಸ್ಪಷ್ಟ, ಮುಖ ಮಂಜು. ಅದೇ ಲೆನ್ಸನ್ನು 18ಕ್ಕೆ ತಂದರೆ ಫೋಕಸ್ ಬೀಳುವ ಜಾಗವೇ ಲೆನ್ಸಿನ ಒಳಗೆ ಹೋಗಿಬಿಡುತ್ತದೆ, ಏನೂ ಕಾಣುವುದಿಲ್ಲ. ನಿಕಾನಿನ ಜಿ ಲೆನ್ಸ್‌ಗಳಲ್ಲಿ ಇದರ ತಿರುವುಮುರುವು: ಅಪರ್ಚರ್ ರಿಂಗ್ ಇಲ್ಲ, ಬಾಡಿಯ ಲಿವರ್ ತಾಗದಿದ್ದರೆ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ, ವ್ಯೂಫೈಂಡರ್ ಕತ್ತಲು. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದೇ ಇಲ್ಲ. ಕ್ಯಾನನ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಥರದ ಲೆನ್ಸಿನಲ್ಲಿ ಫೋಕಸ್ ರಿಂಗ್ ಕೂಡ ಕರೆಂಟಿನಿಂದಲೇ ಕೆಲಸ ಮಾಡುವುದು. ಬರಿಯ ಟ್ಯೂಬ್ ಹಾಕಿದರೆ ಆ ರಿಂಗನ್ನು ಎಷ್ಟು ತಿರುಗಿಸಿದರೂ ಒಳಗಿನ ಗಾಜು ಅಲುಗದು. ಟ್ಯೂಬ್ ಕೊಳ್ಳುವುದಾದರೆ ಚಿನ್ನದ ಬಣ್ಣದ ಪಿನ್‌ಗಳಿರುವುದನ್ನೇ ಕೊಳ್ಳಿ. ಎರಡೂ ತುದಿಯ ಮೌಂಟ್ ಲೋಹದ್ದಾಗಿರಲಿ. ಪ್ಲಾಸ್ಟಿಕ್ಕಿನದು ಭಾರದ ಲೆನ್ಸಿಗೆ ಅಲ್ಲಾಡಿ ಸಂಪರ್ಕ ತಪ್ಪಿಸುತ್ತದೆ.

ಮೂರನೆಯದೇ ದುಬಾರಿಯಾದ ಏಟು: ಆನ್‌ಲೈನಿನಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ 70-300, ಮೈಮೇಲೆ ದಪ್ಪಕ್ಷರದಲ್ಲಿ ‘ಮ್ಯಾಕ್ರೋ’. ಜೂಮ್ ಲೆನ್ಸಿನ ಮೇಲೆ ಆ ಪದಕ್ಕೆ ‘ಒಂದಿಷ್ಟು ಹತ್ತಿರದಿಂದ ಫೋಕಸ್ ಆಗುತ್ತದೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಒಳ್ಳೆಯ ಕೆಲವು 70-300ಗಳು 1:2ರವರೆಗೆ ಹೋಗುತ್ತವೆ, ಬಹಳಷ್ಟು ಜೂಮ್‌ಗಳು 1:3, 1:4ರಲ್ಲೇ ನಿಲ್ಲುತ್ತವೆ. ಇವನು ಕೊಂಡದ್ದು 1:4. ಎಂಟು ಮಿ.ಮೀ. ಉದ್ದದ ಕೆಂಜಿಗ ಅದರಲ್ಲಿ ಫ್ರೇಮಿನ ಅಗಲದ ಹತ್ತರಲ್ಲೊಂದು ಭಾಗವನ್ನೂ ತುಂಬಲಿಲ್ಲ. ಅವನ ಮನೆಯಲ್ಲೇ ಇದ್ದ 55-250 ಎರಡನೆಯ ಮಾದರಿ 0.31 ಪಟ್ಟು ಕೊಡುತ್ತದೆ, ಅಂದರೆ ಇದಕ್ಕಿಂತ ಹೆಚ್ಚು. ಆ 70-300ರಲ್ಲಿ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸರ್ ಸಹ ಇಲ್ಲ. 300 ಮಿ.ಮೀ.ನಲ್ಲಿ ಕೈಯಲ್ಲಿ ಹಿಡಿದು ತೆಗೆಯಬೇಕೆಂದರೆ ಶಟರ್ ವೇಗ 1/500 ಸೆಕೆಂಡಿಗಿಂತ ಕೆಳಗೆ ಇಳಿಯುವಂತಿಲ್ಲ, ಅಡಿಕೆ ತೋಟದ ನೆರಳಿನಲ್ಲಿ ಅಷ್ಟು ಬೆಳಕು ಎಲ್ಲಿಂದ ಬರಬೇಕು?

ಈ ಮೋಸ ಹಿಡಿಯಲು ಒಂದು ಸ್ಟೀಲ್ ಸ್ಕೇಲ್ ಸಾಕು. ಲೆನ್ಸನ್ನು ಅದರ ಅತಿ ಹತ್ತಿರದ ಫೋಕಸ್ಸಿಗೆ ಇಟ್ಟು ಮ್ಯಾನ್ಯುಯಲ್ ಮಾಡಿ. ಜೂಮ್ ಆದರೆ ತುದಿಯವರೆಗೆ ಎಳೆಯಿರಿ. ಸ್ಕೇಲಿನ ಗೆರೆಗಳು ಸ್ಪಷ್ಟವಾಗುವವರೆಗೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ, ಒಂದು ಫೋಟೊ ತೆಗೆಯಿರಿ. ಫ್ರೇಮಿನ ಅಗಲದಲ್ಲಿ ಎಷ್ಟು ಮಿ.ಮೀ. ಕಾಣುತ್ತದೆ ಎಂದು ಎಣಿಸಿ, ಸೆನ್ಸರಿನ ಅಗಲವನ್ನು ಅದರಿಂದ ಭಾಗಿಸಿ. 1500ಡಿಯಂಥ ಬಾಡಿಗಳಲ್ಲಿರುವ ಚಿಕ್ಕ ಸೆನ್ಸರ್, ಅಂದರೆ ಎಪಿಎಸ್-ಸಿ, ಕ್ಯಾನನ್ನಿನಲ್ಲಿ ಸುಮಾರು 22.3 ಮಿ.ಮೀ., ನಿಕಾನಿನದು 23.5; ದೊಡ್ಡದಾದ ಫುಲ್ ಫ್ರೇಮ್ 36. 1500ಡಿಯಲ್ಲಿ 22 ಮಿ.ಮೀ. ಕಂಡರೆ 1:1, 45 ಕಂಡರೆ 1:2, 89 ಕಂಡರೆ 1:4. ದೂರದ ಊರಿನವರಿಂದ ಕೊಳ್ಳುವುದಾದರೆ ಇದೇ ಫೋಟೊ ಕಳಿಸಿ ಎಂದು ಕೇಳಿ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಎಂಬುದನ್ನೂ ಕೇಳಿ. ಕ್ರಾಪ್ ಮಾಡದ ಮೂಲ ಫೈಲೇ ಬೇಕು.

1:1 ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಕಡಿಮೆ ಬೆಲೆಯ ನಿಜವಾದ ಮ್ಯಾಕ್ರೋ ಲೆನ್ಸ್ ಕೊಂಡವರೂ ಎಡವುವ ಜಾಗ ಇನ್ನೊಂದಿದೆ: ಲೆನ್ಸಿನ ಮುಂದಿನ ತುದಿಗೂ ಹುಳಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದು. ಪೆಟ್ಟಿಗೆಯ ಮೇಲೆ ಬರೆದ ‘ಕನಿಷ್ಠ ಫೋಕಸ್ ದೂರ’ ಇದಲ್ಲ. ಆ ದೂರವನ್ನು ಅಳೆಯುವುದು ಸೆನ್ಸರಿನಿಂದ. ಬಾಡಿಯ ಮೇಲೆ ಅಡ್ಡಗೆರೆ ಹಾದ ಸಣ್ಣ ವೃತ್ತವಿರುತ್ತದಲ್ಲ, ಅಲ್ಲಿಂದ. ಬಾಡಿಯ ದಪ್ಪ, ಲೆನ್ಸಿನ ಉದ್ದ ಎಲ್ಲ ಕಳೆದರೆ ಉಳಿಯುವುದು ಬಹಳ ಕಡಿಮೆ. ನಿಕಾನ್ 40 ಮಿ.ಮೀ. ಎಫ್/2.8 ಮೈಕ್ರೋ (ಮ್ಯಾಕ್ರೋವನ್ನು ನಿಕಾನ್ ಕರೆಯುವುದೇ ಹೀಗೆ) ಲೆನ್ಸಿಗೆ ಕಂಪನಿ ಹೇಳುವುದು 16.3 ಸೆಂ.ಮೀ.; 1:1ರಲ್ಲಿ ಗಾಜಿನ ಮುಂದೆ ಉಳಿಯುವುದು ಮೂರೂವರೆ ಸೆಂ.ಮೀ. ಅಷ್ಟೆ. ಕ್ಯಾನನ್ ಇಎಫ್-ಎಸ್ 35 ಮ್ಯಾಕ್ರೋದಲ್ಲಿ 3 ಸೆಂ.ಮೀ. ನಾಣ್ಯ, ಅಂಚೆಚೀಟಿ, ಒಡವೆ, ಒಣಗಿದ ಬೀಜ ತೆಗೆಯುವವರಿಗೆ ಇವೆರಡೂ ಚೆನ್ನಾದ ಲೆನ್ಸ್‌ಗಳೇ. ಚಿಟ್ಟೆಗೆ ಮಾತ್ರ ಕೊಳ್ಳಬೇಡಿ. ಅಷ್ಟು ಹತ್ತಿರ ಹೋಗುವ ಮೊದಲೇ ಅದು ಹಾರಿರುತ್ತದೆ, ಹಾರದಿದ್ದರೂ ಲೆನ್ಸಿನ ನೆರಳು ಅದರ ಮೇಲೇ ಬೀಳುತ್ತದೆ. ಕ್ಯಾನನ್ ಇಎಫ್-ಎಸ್ 60ರಲ್ಲಿ ಸುಮಾರು 9 ಸೆಂ.ಮೀ. ಸಿಗುತ್ತದೆ, ಟ್ಯಾಮ್ರಾನ್ 90ರ ಹಳೆಯ ಎಫ್/2.8ರಲ್ಲಿ 10ರ ಆಸುಪಾಸು, ಕ್ಯಾನನ್ 100 ಯುಎಸ್‌ಎಂನಲ್ಲಿ 15ರ ಹತ್ತಿರ. ಜೀವ ಇರುವುದನ್ನು ತೆಗೆಯುವವರಿಗೆ 90ರಿಂದ 105 ಮಿ.ಮೀ. ಲೆನ್ಸೇ ಸರಿ.

ಹಾಗಿದ್ದರೆ ಈ ಹುಡುಗ ಏನು ಕೊಳ್ಳಬೇಕಿತ್ತು? ಅವನ ಬಳಿ 55-250 ಇದ್ದೇ ಇತ್ತು. ಅದರ ಮುಂದೆ ಕ್ಲಿಪ್ಪಿನಂತೆ ಕಚ್ಚಿಸುವ ರೇನಾಕ್ಸ್ ಡಿಸಿಆರ್-150 ಸಾಕಿತ್ತು. ಇದೂ ಕ್ಲೋಸ್‌ಅಪ್ ಗಾಜೇ. ಆದರೆ ಬೇರೆ ಬೇರೆ ಗಾಜುಗಳನ್ನು ಕೂಡಿಸಿ ಬಣ್ಣದ ದೋಷ ತಿದ್ದಿದ್ದಾರೆ, ಸೆಟ್ ಫಿಲ್ಟರಿಗೂ ಇದಕ್ಕೂ ಇರುವ ಅಂತರ ಅಷ್ಟೇ, ಅದೇ ಎಲ್ಲವೂ. ಇದರ ಶಕ್ತಿ +4.8, ಫೋಕಲ್ ಲೆಂಗ್ತ್ 208 ಮಿ.ಮೀ. 250ರಲ್ಲಿ 1.2 ಪಟ್ಟು, ಗಾಜಿನ ಮುಂದೆ ಸುಮಾರು 20 ಸೆಂ.ಮೀ. ಖಾಲಿ ಜಾಗ, ಅಪರ್ಚರ್ ಎಂದಿನಂತೆ ಕೆಲಸ ಮಾಡುತ್ತದೆ. 52ರಿಂದ 67 ಮಿ.ಮೀ. ಥ್ರೆಡ್ಡಿನ ಯಾವ ಲೆನ್ಸಿಗೂ ಕೂರುತ್ತದೆ, ಮುಂದೆ ಕ್ಯಾಮೆರಾ ಬದಲಿಸಿದರೂ ಬಿಸಾಡಬೇಕಿಲ್ಲ. ಡಿಸಿಆರ್-250 ಇದಕ್ಕಿಂತ ಬಲವಾದದ್ದು, +8. ಇದೇ ಲೆನ್ಸಿನಲ್ಲಿ ಎರಡು ಪಟ್ಟು. ಮೊದಲಿಗೇ ಅದನ್ನು ಕೊಳ್ಳಬೇಡಿ. ಫ್ರೇಮಿನ ಅಗಲ 11 ಮಿ.ಮೀ.ಗೆ ಇಳಿಯುತ್ತದೆ, ಹುಳವನ್ನು ಹುಡುಕುವುದೇ ಕಷ್ಟ. ಬಳಸುವಾಗ ಲೆನ್ಸನ್ನು ಮ್ಯಾನ್ಯುಯಲ್ಲಿಗೆ ಹಾಕಿ ಇನ್ಫಿನಿಟಿಗೆ ಬಿಡಿ, ಫೋಕಸ್ ಮಾಡಲು ನೀವೇ ಒಂದೆರಡು ಮಿ.ಮೀ. ಹಿಂದೆ ಮುಂದೆ ವಾಲಿ. ಜೂಮನ್ನು ಕೆಳಕ್ಕೆ ತಂದಂತೆ ಮೂಲೆಗಳು ಕಪ್ಪಾಗುತ್ತವೆ, ಅದು ಗಾಜಿನ ದೋಷವಲ್ಲ.

ಉದ್ದದ ಜೂಮ್ ಇಲ್ಲದವರಿಗೆ ಅಪರ್ಚರ್ ರಿಂಗ್ ಇರುವ ಹಳೆಯ 50 ಮಿ.ಮೀ. ಮತ್ತು ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ. ತಿರುಗಿಸಿ ಹಾಕಿದರೆ 1:1ರ ಹತ್ತಿರ, 28 ಮಿ.ಮೀ. ಆದರೆ ಎರಡು ಪಟ್ಟಿನಷ್ಟು. ಆದರೆ ಸಿಗುವ ಜಾಗ ನಾಲ್ಕೈದು ಸೆಂ.ಮೀ. ಮಾತ್ರ, ಹಿಂದಿನ ಗಾಜು ಧೂಳಿಗೆ ತೆರೆದಿರುತ್ತದೆ.

ಲೆನ್ಸಿಗೇ ಪೂರ್ತಿ ದುಡ್ಡು ಸುರಿಯಬೇಡಿ ಎಂಬುದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಅರ್ಧಕ್ಕರ್ಧ ಜನ ‘ಲೆನ್ಸ್ ಶಾರ್ಪ್ ಇಲ್ಲ’ ಎಂದು ದೂರುವುದು ಬೆಳಕಿನ ಕೊರತೆಗೆ. ಮ್ಯಾಕ್ರೋ ಲೆನ್ಸಿನಲ್ಲಿ 1:1ಕ್ಕೆ ಹೋದಾಗ ಎರಡು ಸ್ಟಾಪ್, ಅಂದರೆ ನಾಲ್ಕರಲ್ಲಿ ಮೂರು ಪಾಲು, ಬೆಳಕು ನಷ್ಟವಾಗುತ್ತದೆ. ಎಫ್/11ರಲ್ಲಿ ಸ್ಪಷ್ಟ ಆಳ ಒಂದು ಮಿ.ಮೀ.ಗೂ ಕಡಿಮೆ. ಆಳ ಬೇಕೆಂದು ಎಫ್/16ಕ್ಕೆ ಹೋದರೆ ಅದು ಎಫ್/32ರಂತೆ ವರ್ತಿಸಿ, ಡಿಫ್ರ್ಯಾಕ್ಷನ್ನಿನಿಂದ (ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆದುವಾಗುತ್ತದೆ. ಎಪಿಎಸ್-ಸಿಯಲ್ಲಿ ಎಫ್/8ರಿಂದ ಎಫ್/11ರೊಳಗೇ ಇರಿ. ಸ್ಟೆಬಿಲೈಸರನ್ನೂ ಬಹಳ ನಂಬಬೇಡಿ: ಕ್ಯಾನನ್ 100 ಎಲ್ ಲೆನ್ಸಿಗೆ ದೂರದಲ್ಲಿ ನಾಲ್ಕು ಸ್ಟಾಪ್ ಎನ್ನುವ ಕಂಪನಿಯೇ 1:1ರಲ್ಲಿ ಎರಡು ಎನ್ನುತ್ತದೆ. ಇದಕ್ಕೆ ಉತ್ತರ ಫ್ಲ್ಯಾಶ್. ಮ್ಯಾನ್ಯುಯಲ್ ಮೋಡ್, ಶಟರ್ 1/200 ಸೆಕೆಂಡ್, ಎಫ್/11, ಐಎಸ್‌ಒ 200, ಫ್ಲ್ಯಾಶ್ ಶಕ್ತಿ 1/16ರಿಂದ ಶುರು ಮಾಡಿ. ಶಕ್ತಿ ಕಡಿಮೆ ಇದ್ದಷ್ಟೂ ಮಿಂಚಿನ ಅವಧಿ ಚಿಕ್ಕದು, ಗಾಳಿಗೆ ಅಲ್ಲಾಡುವ ಎಲೆಯೂ ನಿಂತಂತೆ ಬರುತ್ತದೆ. ಫ್ಲ್ಯಾಶ್ ಮುಂದೆ ಬಿಳಿ ಫೋಮ್ ಶೀಟನ್ನು ಬಾಗಿಸಿ ಲೆನ್ಸಿನ ತುದಿಯವರೆಗೂ ತನ್ನಿ. ಬೆಳಕು ಅಗಲವಾದಷ್ಟೂ ಜೀರುಂಡೆಯ ಬೆನ್ನಿನ ಮೇಲಿನ ಬಿಳಿ ಚುಕ್ಕೆ ಹರಡಿ ಮೆದುವಾಗುತ್ತದೆ.

ಇಲ್ಲೂ ಎಡವುವ ಜಾಗವೊಂದಿದೆ. ಕ್ಯಾನನ್ 1500ಡಿ, 3000ಡಿ ಬಾಡಿಗಳಲ್ಲಿ ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ನಡುವಿನ ದೊಡ್ಡ ಪಿನ್ನನ್ನು ಕಂಪನಿ ತೆಗೆದುಹಾಕಿದೆ. ಒಂದೇ ಪಿನ್ನಿನ ಅಗ್ಗದ ಮ್ಯಾನ್ಯುಯಲ್ ಫ್ಲ್ಯಾಶ್ ಇವುಗಳ ಮೇಲೆ ಹೊತ್ತುವುದೇ ಇಲ್ಲ. ಕ್ಯಾನನ್ ಇ-ಟಿಟಿಎಲ್ (ಕ್ಯಾಮೆರಾವೇ ಫ್ಲ್ಯಾಶಿನ ಶಕ್ತಿ ಲೆಕ್ಕ ಹಾಕುವ ವ್ಯವಸ್ಥೆ) ಬೆಂಬಲಿಸುವ ಫ್ಲ್ಯಾಶನ್ನೇ, ನಿಮ್ಮ ಬಾಡಿಯ ಮೇಲೆ ಹಾಕಿ ನೋಡಿ ಕೊಳ್ಳಿ.

ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್ ಕೊಳ್ಳುವವರಿಗೆ ಕಾಲ ಚೆನ್ನಾಗಿದೆ, ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್ಸಿಗೆ ಹೋಗುವವರು ಒಳ್ಳೊಳ್ಳೆಯ ಲೆನ್ಸ್ ಮಾರುತ್ತಿದ್ದಾರೆ. ಮಾದರಿಯ ಹೆಸರು ಮಾತ್ರ ಪೂರ್ತಿ ಓದಿ. ಟ್ಯಾಮ್ರಾನ್ 90 (272ಇ) ನಿಕಾನ್ ಮೌಂಟಿನಲ್ಲಿ ಎರಡು ಬಗೆ, ಒಂದಕ್ಕೆ ಒಳಗೆ ಮೋಟಾರ್ ಇದೆ, ಹಳೆಯದಕ್ಕೆ ಇಲ್ಲ. ಮೋಟಾರ್ ಇಲ್ಲದ್ದು ಡಿ3500, ಡಿ5600 ಬಾಡಿಗಳಲ್ಲಿ ಆಟೋಫೋಕಸ್ ಆಗದು. ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದ ನಿಕಾನ್ ಝಡ್ ಮಿರರ್‌ಲೆಸ್ ಬಾಡಿಗಳಲ್ಲೂ ಆಗದು. 1:1ರಲ್ಲಿ ಕೈಯಿಂದಲೇ ಫೋಕಸ್ ಮಾಡುವುದರಿಂದ ಅದು ದೊಡ್ಡ ನಷ್ಟವಲ್ಲ, ಆದರೆ ಮೋಟಾರ್ ಇರುವುದರ ಬೆಲೆ ಕೊಡಬೇಡಿ. ಫಿಲ್ಮ್ ಕಾಲದ ಸಿಗ್ಮಾ ಲೆನ್ಸ್‌ಗಳು ಕ್ಯಾನನ್ ಮೌಂಟಿನಲ್ಲಿ ಬಹಳ ಅಗ್ಗವಾಗಿ ಕಂಡರೆ ದೂರವಿರಿ. ಡಿಜಿಟಲ್ ಬಾಡಿಯಲ್ಲಿ ಅಪರ್ಚರ್ ಮುಚ್ಚಿದೊಡನೆ ಎರರ್ ಬರುವವೇ ಹೆಚ್ಚು.

ಕೈಗೆ ಬಂದ ಲೆನ್ಸನ್ನು ಹೀಗೆ ನೋಡಿ. ಅಪರ್ಚರನ್ನು ಎಫ್/16ಕ್ಕೆ ಇಟ್ಟು ನಾಲ್ಕೈದು ಫೋಟೊ ತೆಗೆಯಿರಿ. ಪೂರ್ತಿ ತೆರೆದಾಗ ಸುಮ್ಮನಿರುವ ದೋಷ ಮುಚ್ಚಿದಾಗ ಹೊರಬೀಳುತ್ತದೆ. ಫೋಕಸ್ ರಿಂಗನ್ನು ಇನ್ಫಿನಿಟಿಯಿಂದ 1:1ರವರೆಗೆ ನಿಧಾನವಾಗಿ ತಿರುಗಿಸಿ, ನಡುವೆ ಮರಳು ಸಿಕ್ಕಂತೆ ಕರಕರ ಎಂದರೆ ಬೇಡ. ಆಮೇಲೆ ಎರಡೂ ಮುಚ್ಚಳ ತೆಗೆದು, ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಬಿಡಿಬಿಡಿ ಧೂಳಿಗೆ ಹೆದರಬೇಡಿ, ಅದು ಚಿತ್ರದಲ್ಲಿ ಕಾಣುವುದಿಲ್ಲ. ಅಂಚಿನಿಂದ ಒಳಕ್ಕೆ ಕವಲೊಡೆದು ಹಬ್ಬಿದ ಎಳೆಗಳಿದ್ದರೆ ಅದು ಫಂಗಸ್. ಬಿಳಿ ಮುಸುಕಿನಂತೆ ಕಂಡರೆ ಹೇಜ್. ‘ಕ್ಲೀನ್ ಮಾಡಿಸಿದರೆ ಹೋಗುತ್ತದೆ ಸರ್’ ಎನ್ನುತ್ತಾರೆ. ಎಳೆ ಹೋಗುತ್ತದೆ, ಅದು ತಿಂದ ಕೋಟಿಂಗ್ ಮರಳುವುದಿಲ್ಲ. ಎದುರು ಬಿಸಿಲಿನಲ್ಲಿ ತೆಗೆದ ಫೋಟೊ ಪ್ರತಿ ಸಲವೂ ಸಪ್ಪೆಯಾಗುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನಲ್ಲೇ ಮಲಗಿದ ಲೆನ್ಸಿಗೆ ಬೂಷ್ಟು ಹಿಡಿಯುವುದು ಬಹಳ ಸುಲಭ. ಬಟ್ಟೆಯ ಬ್ಯಾಗಿನ ಬದಲು ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಮಳೆಯಲ್ಲಿ ಒದ್ದೆಯಾಗಿ ಬಂದ ದಿನ ಲೆನ್ಸನ್ನು ನೇರವಾಗಿ ಡಬ್ಬಿಗೆ ಹಾಕದೆ, ಒರೆಸಿ ಫ್ಯಾನ್ ಕೆಳಗೆ ಒಣಗಿಸಿ ಇಡಿ. ನೀಲಿ ಬಣ್ಣದ ಜೆಲ್ ಗುಲಾಬಿಗೆ ತಿರುಗಿದರೆ ಅದು ತುಂಬಿದೆ ಎಂದರ್ಥ. 120 ಡಿಗ್ರಿ ಆಸುಪಾಸಿನ ಓವನ್ನಿನಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಅಡುಗೆಗೆ ಬಳಸುವ ಪಾತ್ರೆಯಲ್ಲಿ ಅದನ್ನು ಬಿಸಿ ಮಾಡಬೇಡಿ.