4 ವರ್ಷ, 7 ವೀಲ್ ಅಲೈನ್‌ಮೆಂಟ್: ನನ್ನ ಕಾರಿನ ಸ್ಟೇರಿಂಗ್ ಹೇಗೆಲ್ಲ ಬದಲಾಯಿತು

ನನ್ನದು 2014ರ ಡೀಸೆಲ್ ಸ್ವಿಫ್ಟ್. ಮನೆ ಹಾಸನದಲ್ಲಿ. ಕೆಲಸದ ಮೇಲೆ ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಈ 4 ವರ್ಷದಲ್ಲಿ 3 ಅಂಗಡಿಗಳಲ್ಲಿ 7 ಸಲ ಅಲೈನ್‌ಮೆಂಟ್ ಮಾಡಿಸಿದ್ದೇನೆ, ಅಂದರೆ ಚಕ್ರಗಳ ಕೋನ ಅಳೆಸಿ ಸರಿಮಾಡಿಸಿದ್ದೇನೆ, ಅಷ್ಟೂ ಸಲದ ಪ್ರಿಂಟ್ ಕಾಗದ ಎತ್ತಿಟ್ಟಿದ್ದೇನೆ. ಕಾಗದದ ಮೇಲಿನ ಅಂಕಿ ಬದಲಾದಾಗ ಕೈಗೆ ಏನು ಗೊತ್ತಾಯಿತು ಅನ್ನೋದೇ ಈ ವಿಮರ್ಶೆ.

ಶುರುವಾಗಿದ್ದು ಒಂದು ಮಳೆಗಾಲದಲ್ಲಿ. ಮಾರನಹಳ್ಳಿ ದಾಟಿದ ಮೇಲೆ ನೀರು ತುಂಬಿದ ಗುಂಡಿಗೆ ಮುಂದಿನ ಎಡಗಡೆ ಚಕ್ರ ಇಳಿಯಿತು. ಶಬ್ದ ಕೇಳಿಯೇ ಹೊಟ್ಟೆ ಚುರುಕ್ ಅಂದಿತು. ಇಳಿದು ನೋಡಿದೆ, ರಿಮ್ ಬೆಂಡ್ ಆಗಿರಲಿಲ್ಲ, ಟೈರ್ ಸರಿ ಇತ್ತು. ಮರುದಿನ ಚನ್ನರಾಯಪಟ್ಟಣದ ಕಡೆ ಹೋಗುವಾಗ ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಕಾರು ಎಡಕ್ಕೆ ಸರಿಯುತ್ತಿತ್ತು.

ಮೊದಲು ರಸ್ತೆ ಮೇಲೆ ಅನುಮಾನ ಬಂತು. ನೀರು ಹರಿದು ಹೋಗಲಿ ಅಂತ ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ, ನಾವು ಎಡಕ್ಕೆ ಓಡಿಸುವವರು, ಹಾಗಾಗಿ ಯಾವ ಕಾರಾದರೂ ಚೂರು ಎಡಕ್ಕೆ ಹೋಗೋದು ಸಹಜ. ಬೆಳಗ್ಗೆ ಬೇಗ ಎದ್ದು ಊರ ಹೊರಗಿನ ಖಾಲಿ ರಸ್ತೆಯಲ್ಲಿ ನಟ್ಟ ನಡುವೆ ನಿಧಾನವಾಗಿ ಓಡಿಸಿ ನೋಡಿದೆ. ಅಲ್ಲೂ ಎಡಕ್ಕೇ. ಎರಡೂ ಕಡೆ ಟೈರಿನ ಗಾಳಿ ಒಂದೇ ಸಮ ಇತ್ತು.

ಮೊದಲ ಅಂಗಡಿಯಲ್ಲಿ 15 ನಿಮಿಷದಲ್ಲಿ ಟೋ (ಮೇಲಿನಿಂದ ನೋಡಿದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೆಟ್ ಮಾಡಿ, ಅಳತೆ ಸರಿ ಇದೆ ಅಂತ ಪರದೆ ಮೇಲೆ ಹಸಿರು ತೋರಿಸಿ, ₹500 ತಗೊಂಡರು. ಎಳೆತ ಹಾಗೇ ಇತ್ತು. ಎರಡನೇ ಅಂಗಡಿಯಲ್ಲಿ ಮತ್ತೆ ಟೋ. ಈ ಸಲ ಎಳೆತದ ಜೊತೆಗೆ ನೆಟ್ಟಗೆ ಹೋಗುವಾಗಲೂ ಸ್ಟೇರಿಂಗ್ ಒಂದು ಬೆರಳಿನಷ್ಟು ಸೊಟ್ಟ ನಿಲ್ಲೋಕೆ ಶುರುವಾಯಿತು, ಯಾಕೆಂದರೆ ಸ್ಟೇರಿಂಗನ್ನು ನಡುವಿಗೆ ತಂದು ಲಾಕ್ ಹಾಕದೆ ಟೈ ರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತಿರುಗಿಸಿದ್ದರು. ಕೇಳಿದ್ದಕ್ಕೆ ಟೈರ್ ಹೋಗಿದೆ, ಹೊಸದು ಹಾಕಿಸಿ ಅಂದರು. ಸುಮ್ನೆ ಒಪ್ಪಲಿಲ್ಲ. ಮುಂದಿನ ಎರಡೂ ಟೈರ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿದೆ. ಟೈರಿನದೇ ದೋಷ ಆಗಿದ್ದರೆ ಎಳೆತವೂ ಬಲಕ್ಕೆ ತಿರುಗಬೇಕಿತ್ತು, ಅಲ್ವಾ? ತಿರುಗಲಿಲ್ಲ.

ಮೂರನೇ ಅಂಗಡಿಯ ಹುಡುಗ ಯಂತ್ರಕ್ಕೆ ಹಾಕೋ ಮೊದಲೇ ಕಾರನ್ನು ಎತ್ತಿ ಚಕ್ರ ಅಲ್ಲಾಡಿಸಿ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಅನ್ನೋ ಕೀಲುಗಳು ಸಡಿಲ ಇವೆಯಾ ಅಂತ ನೋಡಿದ. ಆಮೇಲೆ ಮುಂದಿನ ಚಕ್ರಗಳನ್ನು ತಿರುಗುವ ತಟ್ಟೆಗಳ ಮೇಲೆ ನಿಲ್ಲಿಸಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಅಳತೆ ತಗೊಂಡ. ಹಿಂದಿನ ಇಬ್ಬರೂ ಇದನ್ನು ಮಾಡಿರಲಿಲ್ಲ. ಕ್ಯಾಸ್ಟರ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಅಳೆಯೋದು ಹೀಗೇ. ಬಲಗಡೆ 3 ಡಿಗ್ರಿ 40 ನಿಮಿಷ ಬಂತು, ಎಡಗಡೆ 2 ಡಿಗ್ರಿ 30 ನಿಮಿಷ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು). ಗುಂಡಿಯ ಹೊಡೆತಕ್ಕೆ ಎಡಗಡೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಹದ ತೋಳು) ಬಗ್ಗಿ ಚಕ್ರ ಹಿಂದಕ್ಕೆ ಸರಿದಿತ್ತು. ಕ್ಯಾಸ್ಟರ್ ಯಾವ ಕಡೆ ಕಡಿಮೆಯೋ ಕಾರು ಆ ಕಡೆಗೇ ಎಳೆಯುತ್ತದೆ. ಟೋ ಎಷ್ಟು ಸಲ ಸೆಟ್ ಮಾಡಿದರೂ ಇದು ಸರಿಹೋಗಲ್ಲ.

ಆರ್ಮ್ ಬದಲಾಯಿಸಿ, ಮತ್ತೆ ಅಳೆದು, ಟೋ ಸೆಟ್ ಮಾಡಿಸಿದ ಮೇಲೆ ಚಾರ್ಮಾಡಿ ಹತ್ತಿದೆ. ಆ ವ್ಯತ್ಯಾಸ ಇವತ್ತಿಗೂ ಮರೆತಿಲ್ಲ. ಮೊದಲು ಎಡ ತಿರುವು ಮುಗಿದ ಮೇಲೆ ಸ್ಟೇರಿಂಗ್ ಮುಕ್ಕಾಲು ದಾರಿ ವಾಪಸ್ ಬಂದು ಅಲ್ಲೇ ನಿಲ್ಲುತ್ತಿತ್ತು, ಉಳಿದದ್ದನ್ನು ನಾನೇ ಎಳೆದು ನೆಟ್ಟಗೆ ಮಾಡಬೇಕಿತ್ತು. ಈಗ ಹಿಡಿತ ಸಡಿಲಿಸಿದರೆ ಅಂಗೈ ಕೆಳಗೆ ಜಾರುತ್ತಾ ತಾನಾಗಿಯೇ ನಡುವಿಗೆ ಬಂದು ನಿಲ್ಲುತ್ತದೆ. ಅಷ್ಟು ತಿಂಗಳು ಘಾಟಿ ಇಳಿದ ಮೇಲೆ ಭುಜ ನೋಯುತ್ತಿದ್ದದ್ದು ವಯಸ್ಸಿನಿಂದ ಅಂದುಕೊಂಡಿದ್ದೆ.

ಟೋ ಬಗ್ಗೆಯೂ ಹೇಳಬೇಕು. ಒಂದು ಸಲ ಟೋ ಚೂರೇ ಚೂರು ಹೊರಕ್ಕೆ ಉಳಿದಿತ್ತು, ಪರದೆ ಮೇಲೆ ಹಸಿರೇ. ಪೇಟೆಯಲ್ಲಿ ಕಾರು ತುಂಬಾ ಚುರುಕು, ಸ್ಟೇರಿಂಗ್ ಮುಟ್ಟಿದರೆ ಮೂತಿ ತಿರುಗುತ್ತಿತ್ತು, ನನಗೂ ಖುಷಿಯಾಗಿತ್ತು. ಆದರೆ ಹೆದ್ದಾರಿಯಲ್ಲಿ 90ರ ವೇಗಕ್ಕೆ ಬಂದರೆ ಒಂದು ಕಡೆ ನೆಟ್ಟಗೆ ಹೋಗದೆ ಅತ್ತಿತ್ತ ಹುಡುಕಾಡುತ್ತಿತ್ತು, ಬೆಂಗಳೂರು ತಲುಪುವವರೆಗೂ ಸಣ್ಣದಾಗಿ ತಿದ್ದುತ್ತಲೇ ಇರಬೇಕಿತ್ತು. ಮುಂದಿನ ಸಲ ಕೇಳಿ ಒಂದೊಂದು ಕಡೆ 5 ನಿಮಿಷ ಒಳಕ್ಕೆ ಇಡಿಸಿಕೊಂಡೆ. 5 ನಿಮಿಷ ಅಂದರೆ ಒಂದು ಡಿಗ್ರಿಯ 12ರಲ್ಲಿ ಒಂದು ಪಾಲು. ಅಷ್ಟಕ್ಕೇ ಕಾರು ಗೆರೆ ಹಿಡಿದು ಹೋಗೋಕೆ ಶುರುಮಾಡಿತು. ತಿರುವಿಗೆ ಮೊದಲಿನ ಚುರುಕಿಲ್ಲ, ದೂರ ಓಡಿಸುವ ನನಗೆ ಇದೇ ಸರಿ.

ಟೋ ಹಾಳಾಗಿದೆಯಾ ಅಂತ ಯಂತ್ರ ಇಲ್ಲದೆಯೂ ಗೊತ್ತಾಗುತ್ತದೆ. ಟೈರ್ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಆಮೇಲೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಡೆದರೆ ಟೈರ್ ಉಜ್ಜಿಕೊಂಡು ಓಡುತ್ತಿದೆ ಅಂತ ಅರ್ಥ. ಸ್ಟೇರಿಂಗ್ ನಡುಗುತ್ತಿದ್ದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡೋದು) ಕಥೆ, ಬೇರೆಯೇ ಕೆಲಸ.

ಈ ಕಾರಲ್ಲಿ ಮಾಮೂಲಾಗಿ ತಿರುಗಿಸಿ ಸರಿಮಾಡೋಕೆ ಆಗೋದು ಮುಂದಿನ ಟೋ ಒಂದೇ. ಕ್ಯಾಂಬರ್ (ಮುಂದಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಕ್ಯಾಸ್ಟರ್ ಅಂಕಿ ತಪ್ಪಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ, ಅದನ್ನು ಹುಡುಕಬೇಕು. ಅದಕ್ಕೇ ಈಗ ಮೂರನೇ ಅಂಗಡಿಗೇ ಹೋಗುತ್ತೇನೆ. ಅಲ್ಲಿ ₹600, ಮುಕ್ಕಾಲು ಗಂಟೆ ಕಾಯಬೇಕು. ಕೆಲಸದ ಮುಂಚಿನ ಅಳತೆ, ನಂತರದ ಅಳತೆ ಎರಡನ್ನೂ ಒಂದೇ ಕಾಗದದಲ್ಲಿ ಕೊಡುತ್ತಾರೆ, ಕೊಟ್ಟ ಮೇಲೆ ಆ ಹುಡುಗ ಪಕ್ಕದಲ್ಲಿ ಕೂತು ಒಂದು ರೌಂಡ್ ಬರುತ್ತಾನೆ.