ಮಳೆಗಾಲದ ಚಾರಣಕ್ಕೆ ಜಾಕೆಟ್ಟೋ, ಪಾಂಚೋ, ಕಂಬಳಿ ಕೊಪ್ಪೆಯೋ?

ಆಗುಂಬೆಯಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 7,600 ಮಿ.ಮೀ. ಮಳೆ. ಜುಲೈನಲ್ಲಿ ಆ ಕಡೆ ನಡೆಯಲು ಹೊರಟವರು ನೆನೆಯುವುದಂತೂ ಖಂಡಿತ. ಮಳೆಗೆ ನೆನೆಯಬೇಕೋ ಬೆವರಿಗೋ ಅನ್ನುವುದಷ್ಟೇ ನಮ್ಮ ಆಯ್ಕೆ.

ದುಬಾರಿ ಬ್ರೀದಬಲ್ (ಬೆವರಿನ ಆವಿಯನ್ನು ಹೊರಬಿಡುವ) ಜಾಕೆಟ್ಟಿನ ಚೀಟಿಯಲ್ಲಿ 10,000 ಮಿ.ಮೀ. ಎಂದಿರುತ್ತದೆ. ಅದು ಮಳೆಯ ಲೆಕ್ಕವಲ್ಲ. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಸೋರದು ಎಂದರ್ಥ. ಸೋರುವುದೂ ಇಲ್ಲ, ನಿಜ. ತಕರಾರು ಬೆವರಿನದು. ಬೆವರಿನ ಆವಿ ಆಚೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಘಟ್ಟದ ಮಳೆಗಾಲದಲ್ಲಿ ಒಣಗಾಳಿ ಎಲ್ಲಿಂದ ಬರಬೇಕು? ಏರು ಹತ್ತಿ ಅರ್ಧ ತಾಸಿಗೆ ಒಳಗಿನ ಬನಿಯನ್ ಹಿಂಡುವಂತಾಗಿರುತ್ತದೆ. ಇದೇ ಜಾಕೆಟ್ ಹಿಮಾಲಯದ ಒಣಚಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಗುಂಬೆಗೆ ಅಷ್ಟು ದುಡ್ಡು ಸುರಿಯಬೇಡಿ.

ಪಾಂಚೋ ಅಂದರೆ ತಲೆ ತೂರಿಸಿ ತೊಡುವ ಅಗಲವಾದ ಮಳೆಹೊದಿಕೆ, ನೋಡಲು ಟೆಂಟು ನಡೆದು ಬಂದ ಹಾಗೆ. ಆದರೆ ಬೆನ್ನಿನ ಬ್ಯಾಗನ್ನೂ ಸೇರಿಸಿ ಮುಚ್ಚುತ್ತದೆ, ಅಡಿಯಿಂದ ಗಾಳಿಯಾಡುತ್ತದೆ. ಕಾಡಿನೊಳಗೆ ನನ್ನ ಮತ ಇದಕ್ಕೇ. ಕುದುರೆಮುಖದಂಥ ಬೋಳು ಹುಲ್ಲುಗುಡ್ಡದ ನೆತ್ತಿಯಲ್ಲಿ ಮಾತ್ರ ಗಾಳಿ ಅದನ್ನು ಎತ್ತಿ ಮುಖಕ್ಕೇ ಬಡಿಯುತ್ತದೆ. ಸೊಂಟಕ್ಕೊಂದು ದಾರ ಬಿಗಿದರೆ ಸುಮ್ಮನಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಮುಂದಿನ ಅಂಚನ್ನು ಎತ್ತಿ ಹಿಡಿಯಿರಿ, ಇಲ್ಲವಾದರೆ ಕಾಲಿಡುವ ಜಾಗ ಕಾಣದು. ಹುಲ್ಲಿಗೆ ತಾಗುವ ಅಂಚಿನಿಂದ ಉಂಬಳ ಹತ್ತುತ್ತವೆ, ಆಗಾಗ ಕೊಡವಬೇಕು.

ಕಂಬಳಿ ಕೊಪ್ಪೆಯನ್ನು ಪೇಟೆಯವರು ಫೋಟೋಗೆಂದು ಹೊದೆಯುತ್ತಾರೆ. ಒಂದು ಮೂಲೆ ಮಡಚಿ ತಲೆಗೆ ಹಾಕಿಕೊಂಡರೆ ನೀರು ಉಣ್ಣೆಯ ಮೇಲಿನಿಂದಲೇ ಜಾರಿ ಬೆನ್ನ ಹಿಂದೆ ತೊಟ್ಟಿಕ್ಕುತ್ತದೆ. ತಾಸುಗಟ್ಟಲೆ ಸುರಿದರೆ ಕುಡಿದು ಭಾರವಾಗುತ್ತದೆ, ಕುರಿಯ ವಾಸನೆಯೂ ಏಳುತ್ತದೆ. ಆದರೂ ಒದ್ದೆ ಉಣ್ಣೆ ಬೆಚ್ಚಗೇ ಇರುತ್ತದೆ, ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲ. ಹಳ್ಳದ ದಂಡೆಯಲ್ಲಿ ಗಾಳ ಹಾಕಿ ಅಲುಗಾಡದೆ ಕೂರುವವರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಬ್ಯಾಗ್ ಹೊತ್ತು ಗುಡ್ಡ ಹತ್ತುವವರು ಇದರ ಆಸೆ ಬಿಡುವುದೇ ಮೇಲು.

ಕೊಡೆ? ಗಾಳಿಯಿಲ್ಲದ ಜೀಪ್ ರಸ್ತೆಗೆ ಸಾಕು.

ಪಾಂಚೋ ಕೊಳ್ಳುವವರು ತುಂಬಿದ ಬ್ಯಾಗನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ, ಅದರ ಮೇಲೆ ತೊಟ್ಟು ನೋಡಿ. ಹಿಂದುಗಡೆ ಮೊಣಕಾಲಿನವರೆಗೆ ಬರದಿದ್ದರೆ ದೊಡ್ಡ ಅಳತೆಯದು ಕೇಳಿ.